ತಲೆಸುತ್ತಿನ ಮೂಲ ಹುಡುಕಿದ ದಿನ: ಒಳಕಿವಿಯ ಸಮತೋಲನ ಪರೀಕ್ಷೆಗಳ ಅನುಭವ

ಕಳೆದ ವರ್ಷ ಜೂನ್ ತಿಂಗಳ ಒಂದು ಬೆಳಗಿನ ಜಾವ ಹಾಸಿಗೆಯಿಂದ ಏಳಲು ಹೋದಾಗ ಕೋಣೆಯ ಬೀರು, ಕಿಟಕಿ, ಗೋಡೆಯ ಮೇಲಿನ ಕ್ಯಾಲೆಂಡರು ಎಲ್ಲವೂ ಎಡದಿಂದ ಬಲಕ್ಕೆ ಒಂದೇ ಸಮನೆ ಓಡುತ್ತಿದ್ದವು. ಕಣ್ಣು ಮುಚ್ಚಿದರೆ ಆ ಓಟ ಕಾಣುತ್ತಿರಲಿಲ್ಲ, ಆದರೆ ಮಂಚವೇ ನನ್ನನ್ನು ಹೊತ್ತು ತಿರುಗುತ್ತಿರುವಂತೆ ಅನ್ನಿಸುತ್ತಿತ್ತು. ಎರಡು ದಿನ ತಲೆ ಎತ್ತಲಾಗಲಿಲ್ಲ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಊರಿನ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿಸಿಕೊಂಡು, ಮೂರನೆಯ ದಿನ ಗೋಡೆ ಹಿಡಿದುಕೊಂಡು ಮನೆಗೆ ಬಂದೆ. ಆ ದೊಡ್ಡ ಸುತ್ತು ಮತ್ತೆ ಬರಲಿಲ್ಲ. ಆದರೆ ಅದರ ನಂತರದ ಏಳು ತಿಂಗಳು ನಾನು ಮೊದಲಿನಂತೆ ನಡೆಯಲೇ ಇಲ್ಲ.

ನಾನು ತುಮಕೂರಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ದಿನವಿಡೀ ಕಪಾಟುಗಳ ನಡುವೆ ಓಡಾಡುವುದು, ಬಗ್ಗುವುದು, ಕತ್ತೆತ್ತಿ ಮೇಲಿನ ಸಾಲಿನ ಪುಸ್ತಕಗಳ ಸಂಖ್ಯೆ ಓದುವುದು ನನ್ನ ಕೆಲಸ. ನಮ್ಮಲ್ಲಿ ಕನ್ನಡ ಸಾಹಿತ್ಯದ ವಿಭಾಗ, ಅಂದರೆ 894.814ರ ಪುಸ್ತಕಗಳು, ಎತ್ತರದ ಕಪಾಟುಗಳಲ್ಲಿವೆ. ಅಲ್ಲಿಗೆ ಮುಖ ಎತ್ತಿದ ಕೂಡಲೇ ಲೋಕ ಗಿರ್ರೆಂದು ತಿರುಗಿ, ಅರ್ಧ ನಿಮಿಷದೊಳಗೆ ನಿಲ್ಲುತ್ತಿತ್ತು. ರಾತ್ರಿ ಎಡ ಮಗ್ಗುಲಿಗೆ ಹೊರಳಿದಾಗಲೂ ಹಾಗೆಯೇ ಆಗುತ್ತಿತ್ತು. ಇದಲ್ಲದೆ, ಹೊತ್ತು ಮುಳುಗಿದ ಮೇಲೆ ರಸ್ತೆಯಲ್ಲಿ ನಡೆಯುವಾಗ ಎಡಕ್ಕೆ ವಾಲಿದಂತಾಗುವುದು, ಬೇಗ ತಲೆ ತಿರುಗಿಸಿದರೆ ಎದುರಿನ ದೃಶ್ಯ ಒಂದು ಕ್ಷಣ ಕಲಸಿ ಹೋಗುವುದು ಎಲ್ಲ ಹೊತ್ತಿನಲ್ಲೂ ಇತ್ತು. ಪಿತ್ತ ನೆತ್ತಿಗೇರಿದೆ ಎಂದು ಅತ್ತೆಯವರು ಶುಂಠಿ ಕಷಾಯ ಮಾಡಿಕೊಟ್ಟರು. ಗ್ಯಾಸ್ಟ್ರಿಕ್ ಇರಬೇಕೆಂದು ಸಹೋದ್ಯೋಗಿಗಳು ಹೇಳಿದರು. ಕತ್ತಿನ ಮೂಳೆ ಸವೆದಿದೆ ಎಂದು ಒಬ್ಬ ವೈದ್ಯರು ಪಟ್ಟಿ ಹಾಕಿಸಿದರು. ಮಿದುಳಿನ ಎಂಆರ್‌ಐ ತೆಗೆಸಿದಾಗ ಏನೂ ದೋಷವಿಲ್ಲವೆಂದು ಬಂತು. ಅದು ಸಮಾಧಾನ ತಂದಿತಾದರೂ, ಚಿತ್ರದಲ್ಲಿ ಏನೂ ಇಲ್ಲವೆಂದ ಮೇಲೆ ನಿಮಗೆ ಏನೂ ಆಗಿಲ್ಲ ಎಂಬ ಮಾತಿಗೆ ಎದುರಾಡಲು ನನ್ನ ಬಳಿ ಆಧಾರವೇ ಉಳಿಯಲಿಲ್ಲ. ತಲೆಸುತ್ತಿನ ಮಾತ್ರೆಗಳನ್ನು ದಿನಕ್ಕೆ ಮೂರರಂತೆ ನುಂಗುತ್ತ ಹೋದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಒತ್ತಾಯ ಮಾಡಿ ಇಎನ್‌ಟಿ ವೈದ್ಯರೊಬ್ಬರ ಬಳಿಗೆ ಕರೆದುಕೊಂಡು ಹೋದ. ಅವರು ಮೊದಲು ಕೇಳಿದ ಪ್ರಶ್ನೆ ಇದು: “ತಲೆಸುತ್ತು ಅನ್ನುವ ಪದ ಬಿಟ್ಟು ಏನಾಗುತ್ತದೆ ಹೇಳಿ.” ನಾನು ತಡವರಿಸಿದೆ. ಆಮೇಲೆ ಅವರೇ ಬಿಡಿಸಿ ಕೇಳಿದರು. ಎದುರಿನ ವಸ್ತು ತಿರುಗುತ್ತದೆಯೇ, ಕಣ್ಣು ಕತ್ತಲೆ ಬಂದು ಬವಳಿ ಬಂದಂತೆ ಆಗುತ್ತದೆಯೇ, ತೂರಾಡಿ ಬೀಳುವಂತೆ ಆಗುತ್ತದೆಯೇ, ಅಥವಾ ತಲೆ ಸುಮ್ಮನೆ ಹಗುರವೆನಿಸುತ್ತದೆಯೇ? ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ಕಿವಿ ಮಂದವಾಗುತ್ತದೆಯೇ, ಮೊರೆತ ಉಂಟೇ? ನಮ್ಮ ಭಾಷೆಯಲ್ಲಿ ಈ ಒಂದೊಂದಕ್ಕೂ ಬೇರೆಬೇರೆ ಮಾತುಗಳಿವೆ. ಆದರೂ ಆಸ್ಪತ್ರೆಯ ಬಾಗಿಲು ದಾಟುವಷ್ಟರಲ್ಲಿ ಅವೆಲ್ಲವನ್ನೂ ತಲೆಸುತ್ತು ಎಂಬ ಒಂದೇ ಪದದೊಳಗೆ ತುಂಬಿಬಿಡುತ್ತೇವೆ. ನಾನು ಏಳು ತಿಂಗಳು ಮಾಡಿದ್ದೂ ಅದನ್ನೇ. ಅರ್ಧ ನಿಮಿಷದ ತಿರುಗಾಟವೂ ಇಡೀ ದಿನದ ಓಲಾಟವೂ ಬೇರೆ ಬೇರೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಪರೀಕ್ಷೆಗಳಿಗೆ ಒಂದು ವಾರದ ನಂತರದ ದಿನ ಗೊತ್ತಾಯಿತು. ತಲೆಸುತ್ತಿನ ಮಾತ್ರೆಗಳನ್ನು 48 ಗಂಟೆ ಮುಂಚೆ ನಿಲ್ಲಿಸಬೇಕು, ಏಕೆಂದರೆ ಅವು ಒಳಕಿವಿ ಮತ್ತು ಮಿದುಳಿನ ಪ್ರತಿಕ್ರಿಯೆಯನ್ನೇ ಮಂಕಾಗಿಸುತ್ತವೆ. ಆದರೆ ರಕ್ತದೊತ್ತಡದ ಮಾತ್ರೆಯನ್ನು ಬಿಡಬಾರದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ವೈದ್ಯರೇ ಗುರುತು ಹಾಕಿಕೊಟ್ಟರು. ಆ ದಿನ ಕಾಫಿ ಕುಡಿಯುವಂತಿಲ್ಲ, ಹೊಟ್ಟೆ ತುಂಬ ತಿನ್ನುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಬರಬಾರದು ಎಂಬ ಸೂಚನೆಯೂ ಇತ್ತು. ಕ್ಯಾಮೆರಾ ಕಣ್ಣಿನ ಪಾಪೆಯನ್ನು ಅದರ ಕಪ್ಪಿನಿಂದಲೇ ಗುರುತಿಸುವುದರಿಂದ ರೆಪ್ಪೆಯ ಕಪ್ಪು ಅದನ್ನು ದಾರಿ ತಪ್ಪಿಸುತ್ತದೆಯಂತೆ. ಮಾತ್ರೆಯಿಲ್ಲದೆ ತುಮಕೂರಿನಿಂದ ಬಸ್ಸಿನಲ್ಲಿ ಹೋಗುವುದಕ್ಕೆ ನಾನು ಹೆದರಿದ್ದೆ. ಕಿಟಕಿಯ ಆಚೆ ನೋಡದೆ ಎದುರಿನ ಸೀಟಿನ ಕಂಬಿಯನ್ನು ದಿಟ್ಟಿಸುತ್ತ ಹೋದೆ.

ಪರೀಕ್ಷೆ ಮಾಡಿದವರು ಶ್ರವಣತಜ್ಞೆಯಾದ ಒಬ್ಬ ಯುವತಿ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿದವರು. ಸಮತೋಲನದ ತೊಂದರೆಯನ್ನು ಅಳೆಯುವವರೂ ಕಿವಿ ಕೇಳುವುದನ್ನು ಪರೀಕ್ಷಿಸುವವರೇ ಎಂಬುದು ನನಗೆ ಅಂದೇ ತಿಳಿದದ್ದು. ಕೇಳುವ ಶಂಖದಂಥ ಭಾಗವೂ ಸಮತೋಲನದ ಭಾಗವೂ ಒಳಕಿವಿಯ ಒಂದೇ ಎಲುಬಿನ ಗೂಡಿನೊಳಗೆ ಅಕ್ಕಪಕ್ಕದಲ್ಲಿವೆ. ತಲೆ ತಿರುಗುವುದನ್ನು ಅರಿಯಲು ಒಂದಕ್ಕೊಂದು ಲಂಬವಾಗಿರುವ ಮೂರು ಅರ್ಧವರ್ತುಲ ನಾಳಗಳು (ಅಡ್ಡ ನಾಳ, ಮುಂದಿನ ನಾಳ, ಹಿಂದಿನ ನಾಳ), ಓರೆ ಮತ್ತು ನೇರ ಚಲನೆಯನ್ನು ಅರಿಯಲು ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಎರಡು ಚೀಲಗಳು. ಹೀಗೆ ಪ್ರತಿ ಕಿವಿಯಲ್ಲಿ ಐದು ಅಂಗಗಳು. ಒಂದೇ ಪರೀಕ್ಷೆಯಿಂದ ಈ ಐದನ್ನೂ ನೋಡಲಾಗದು, ಅದಕ್ಕೇ ಇಷ್ಟೊಂದು ಪರೀಕ್ಷೆಗಳು ಎಂದು ಅವರು ಮೊದಲೇ ಹೇಳಿದ್ದು ನನಗೆ ಬಹಳ ನೆರವಾಯಿತು.

ಕಿವಿ ಕೇಳುವ ಪರೀಕ್ಷೆಯಲ್ಲಿ ಎರಡೂ ಕಿವಿ ಚೆನ್ನಾಗಿದ್ದವು. ತಲೆಸುತ್ತಿನ ಜೊತೆಗೆ ಕಿವಿಯೂ ಮಂದವಾಗುವ ಮೆನಿಯೇ ಕಾಯಿಲೆಯಿದ್ದರೆ ತಗ್ಗು ಸ್ವರಗಳು ಕೇಳಿಸುವುದು ಕುಂದಬೇಕಿತ್ತು, ಅದು ಕಾಣಲಿಲ್ಲ. ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ನಿಂತಲ್ಲೇ 50 ಹೆಜ್ಜೆ ಹಾಕಿಸಿದರು. ನೇರವಾಗಿಯೇ ನಿಂತಿದ್ದೇನೆಂದು ನಂಬಿ ಕಣ್ಣು ತೆರೆದರೆ ಎಡಗಡೆಯ ಗೋಡೆಗೆ ಮುಖ ಮಾಡಿದ್ದೆ. ಇದೊಂದನ್ನೇ ನೆಚ್ಚಿ ಏನನ್ನೂ ಹೇಳುವುದಿಲ್ಲ ಎಂದು ಅವರು ಅದನ್ನು ಬರೆದುಕೊಂಡು ಮುಂದೆ ಹೋದರು.

ಆಮೇಲೆ ಬಂದದ್ದು ವಿಎನ್‌ಜಿ, ಅಂದರೆ ಕಣ್ಣಿನ ಚಲನೆಯನ್ನು ವಿಡಿಯೊದಲ್ಲಿ ದಾಖಲಿಸುವ ಪರೀಕ್ಷೆ. ಈಜುವವರು ಹಾಕುವಂಥ ದೊಡ್ಡ ಕನ್ನಡಕ, ಅದರೊಳಗೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಚಿತ್ರ ತೆಗೆಯುವ ಕ್ಯಾಮೆರಾಗಳು. ಕಿವಿಯ ದೋಷ ಹುಡುಕಲು ಕಣ್ಣನ್ನೇಕೆ ನೋಡುತ್ತೀರಿ ಎಂದು ಕೇಳಿದೆ. ನಾವು ತಲೆಯನ್ನು ಎಡಕ್ಕೆ ತಿರುಗಿಸಿದರೆ ಒಳಕಿವಿ ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ, ಮಿದುಳು ಕಣ್ಣುಗಳನ್ನು ಅಷ್ಟೇ ವೇಗದಲ್ಲಿ ಬಲಕ್ಕೆ ಹೊರಳಿಸುತ್ತದೆ; ನಡೆಯುತ್ತಿರುವಾಗಲೂ ಅಂಗಡಿಯ ಫಲಕವನ್ನು ಓದಲು ಸಾಧ್ಯವಾಗುವುದು ಇದರಿಂದಲೇ. ಒಂದು ಬದಿಯ ಕಿವಿ ಸುದ್ದಿ ಕಳಿಸುವುದನ್ನು ನಿಲ್ಲಿಸಿದರೆ ತಲೆ ಅಲುಗದೆ ಇದ್ದಾಗಲೂ ಕಣ್ಣು ಮೆಲ್ಲಗೆ ಆ ಬದಿಗೆ ಜಾರಿ, ಥಟ್ಟನೆ ಹಿಂದಕ್ಕೆ ಹಾರುತ್ತದೆ. ಈ ಜಾರು-ಹಾರುಗಳ ಆವರ್ತನೆಯೇ ನಿಸ್ಟಾಗ್ಮಸ್. ಬೆಳಕಿನಲ್ಲಿ ಎದುರಿನ ವಸ್ತುವನ್ನು ದಿಟ್ಟಿಸಿ ನಾವು ಇದನ್ನು ಅಡಗಿಸಿಬಿಡುತ್ತೇವೆ, ಆದ್ದರಿಂದ ಕತ್ತಲಲ್ಲಿ ನೋಡಬೇಕು. ಕನ್ನಡಕದ ಮುಚ್ಚಳ ಹಾಕಿದ ಮೇಲೆ ನನ್ನ ಕಣ್ಣು ಬಲಕ್ಕೆ ಸಣ್ಣಗೆ ಹಾರುತ್ತಿದ್ದುದು ದಾಖಲಾಗಿತ್ತು. ಏಳು ತಿಂಗಳ ಹಿಂದಿನ ಆ ಬೆಳಗಿನ ಜಾವದ ಸುತ್ತು ಇನ್ನೂ ನನ್ನ ಕಣ್ಣಿನಲ್ಲಿ ಉಳಿದಿತ್ತು. ಪರದೆಯ ಮೇಲೆ ಅದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು, ಏಕೆಂದರೆ ನನ್ನ ತೊಂದರೆಗೆ ನನ್ನ ಮಾತಲ್ಲದೆ ಬೇರೊಂದು ಸಾಕ್ಷಿ ಸಿಕ್ಕಿದ್ದು ಅದೇ ಮೊದಲು. ಚುಕ್ಕೆಯ ಹಿಂದೆ ಕಣ್ಣು ಹಾಯಿಸುವ ಪರೀಕ್ಷೆಗಳಲ್ಲಿ ಎಲ್ಲವೂ ಸರಿಯಾಗಿತ್ತು; ಮಿದುಳಿನ ಕಡೆಯಿಂದ ತೊಂದರೆ ಕಾಣುತ್ತಿಲ್ಲ ಎಂದು ಅದರ ಅರ್ಥ.

ಭಂಗಿಯ ಪರೀಕ್ಷೆಯನ್ನು ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ವಿವರಿಸಿದರು. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಒಂದು ಬದಿಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ ತಲೆ ಸ್ವಲ್ಪ ಕೆಳಗೆ ಜೋಲುವಂತೆ ಹಿಡಿಯುತ್ತಾರೆ. ಬಲಕ್ಕೆ ಮಾಡಿದಾಗ ಏನೂ ಆಗಲಿಲ್ಲ. ಎಡಕ್ಕೆ ಮಲಗಿಸಿದಾಗ ಮೊದಲ ಮೂರು ನಾಲ್ಕು ಸೆಕೆಂಡು ಸುಮ್ಮನಿತ್ತು, ಆಮೇಲೆ ಕಪಾಟಿನ ಎದುರು ಆಗುತ್ತಿದ್ದ ಅದೇ ತಿರುಗಾಟ ಪೂರ್ತಿ ಬಲದೊಂದಿಗೆ ಬಂತು. ನಾನು ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. “ಕಣ್ಣು ಮುಚ್ಚಬೇಡಿ ಅಮ್ಮ, ತಾನಾಗಿ ನಿಲ್ಲುತ್ತದೆ, ನಾನು ಹಿಡಿದುಕೊಂಡಿದ್ದೇನೆ” ಎಂದು ಅವರು ಹೇಳುತ್ತಲೇ ಇದ್ದರು. ಇಪ್ಪತ್ತು ಸೆಕೆಂಡಿನಲ್ಲಿ ನಿಂತಿತು. ಹಿಂದಿನ ನಾಳದೊಳಗೆ ಹರಳುಗಳು ಬಿದ್ದಿವೆ, ತಡವಾಗಿ ಶುರುವಾಗಿ ಬೇಗ ನಿಲ್ಲುವುದು, ಕಣ್ಣು ಮೇಲಕ್ಕೂ ಕೆಳಗಿನ ಕಿವಿಯ ಕಡೆಗೂ ಹೊರಳುವುದು ಅದರ ಗುರುತು ಎಂದು ಅವರು ವಿವರಿಸಿದರು.

ಇದಾದ ಮೇಲೆ ತಲೆಯನ್ನು ಝಟ್ಟನೆ ತಿರುಗಿಸುವ ಪರೀಕ್ಷೆ. ಹಾಲ್ಮಗ್ಯಿ ಮತ್ತು ಕರ್ಥಾಯ್ಸ್ ಎಂಬ ವಿಜ್ಞಾನಿಗಳು 1988ರಲ್ಲಿ ಇದನ್ನು ತೋರಿಸಿಕೊಟ್ಟರು. ಈಗ ವೇಗದ ಕ್ಯಾಮೆರಾ ಸೇರಿ ವಿ-ಹಿಟ್ ಎಂದಾಗಿದೆ. ಗೋಡೆಯ ಮೇಲಿನ ಚುಕ್ಕೆಯನ್ನು ದಿಟ್ಟಿಸುತ್ತ ಕುಳಿತಿರಬೇಕು, ಅವರು ಹಿಂದೆ ನಿಂತು ತಲೆಯನ್ನು ಯಾವ ಬದಿಗೆ ಎಂದು ಮುನ್ಸೂಚನೆ ಕೊಡದೆ ಸ್ವಲ್ಪವೇ, ಆದರೆ ಬಹಳ ಬೇಗ ತಿರುಗಿಸುತ್ತಾರೆ. ಕಣ್ಣಿನ ಚಲನೆ ತಲೆಯ ಚಲನೆಗೆ ಸರಿಸಮ ಇದ್ದರೆ ಅಂಕ 1. ನನಗೆ ಬಲಕ್ಕೆ 0.94 ಬಂತು, ಎಡಕ್ಕೆ 0.46. ಎಡಕ್ಕೆ ತಿರುಗಿಸಿದ ಪ್ರತಿ ಸಲವೂ ಕಣ್ಣು ಚುಕ್ಕೆಯನ್ನು ಬಿಟ್ಟು ಹೋಗಿ, ಮತ್ತೆ ಹಾರಿ ಅದನ್ನು ಹಿಡಿಯುತ್ತಿತ್ತು. ಬೇಗ ತಲೆ ತಿರುಗಿಸಿದಾಗ ದೃಶ್ಯ ಕಲಸಿ ಹೋಗುತ್ತಿದ್ದುದು ಇದೇ ಎಂದು ನನಗೆ ಆಗಲೇ ಅರ್ಥವಾಯಿತು.

ಎಲ್ಲರೂ ಹೆದರುವುದು ಕ್ಯಾಲೋರಿಕ್ ಪರೀಕ್ಷೆಗೆ. ಕಿವಿಯೊಳಗೆ ಬಿಸಿನೀರು, ತಣ್ಣೀರು ಹರಿಸಿ ಬೇಕೆಂದೇ ತಲೆ ಸುತ್ತಿಸುತ್ತಾರೆ ಎಂದು ಕೇಳಿದ್ದೆ, ಅದು ನಿಜವೂ ಹೌದು. ಆದರೆ ಏಕೆ ಹಾಗೆ ಮಾಡುತ್ತಾರೆಂದು ಗೊತ್ತಿದ್ದರೆ ತಾಳಿಕೊಳ್ಳುವ ಬಗೆಯೇ ಬೇರೆಯಾಗುತ್ತದೆ. ತಲೆ ತಿರುಗಿಸಿದಾಗ ಎರಡೂ ಕಿವಿಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಒಂದನ್ನು ಮುಟ್ಟದೆ ಇನ್ನೊಂದನ್ನು ಮಾತ್ರ ಕೆಣಕುವ ದಾರಿ ಇದು. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುತ್ತಿದ್ದಾಗ, ನೀರು ತಣ್ಣಗಿದ್ದರೆ ತಲೆ ಸುತ್ತುತ್ತದೆ ಎಂದು ಒಬ್ಬ ರೋಗಿ ದೂರಿದನಂತೆ. ಮುಂದೆ ನೀರು ಹೆಚ್ಚು ಬಿಸಿಯಾದಾಗ ಕಣ್ಣುಗಳು ತದ್ವಿರುದ್ಧ ದಿಕ್ಕಿಗೆ ಹಾರುವುದನ್ನು ಕಂಡು, ಇದರ ಹಿಂದೆ ಉಷ್ಣತೆಯ ಕೈವಾಡವಿದೆ ಎಂದು ಬಾರಾನಿ ತರ್ಕಿಸಿದರು. ಒಳಕಿವಿಯ ಸಮತೋಲನದ ಅಧ್ಯಯನಕ್ಕೆ 1914ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಾಗ ಅವರು ಮೊದಲ ಮಹಾಯುದ್ಧದಲ್ಲಿ ಸೆರೆ ಸಿಕ್ಕು ರಷ್ಯಾದಲ್ಲಿದ್ದರು. ರೋಗಿಯ ಒಂದು ದೂರನ್ನು ಕಿವಿಗೆ ಹಾಕಿಕೊಂಡ ವೈದ್ಯರಿಂದ ಈ ಪರೀಕ್ಷೆ ಹುಟ್ಟಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನೀರು 30 ಮತ್ತು 44 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ಅಳತೆಯನ್ನು 1942ರಲ್ಲಿ ಫಿಟ್ಜೆರಾಲ್ಡ್ ಮತ್ತು ಹಾಲ್‌ಪೈಕ್ ಗೊತ್ತುಪಡಿಸಿದರು. ದೇಹದ 37 ಡಿಗ್ರಿಗಿಂತ ಒಂದು 7 ಕಡಿಮೆ, ಇನ್ನೊಂದು 7 ಹೆಚ್ಚು.

ಕಿವಿತಮಟೆಯಲ್ಲಿ ತೂತಿಲ್ಲವೆಂದು ನೋಡಿಕೊಂಡು, ತಲೆಯನ್ನು 30 ಡಿಗ್ರಿ ಎತ್ತರಿಸಿ ಮಲಗಿಸಿದರು. ಹಾಗೆ ಮಲಗಿದಾಗ ಅಡ್ಡ ನಾಳ ನೆಟ್ಟಗೆ ನಿಲ್ಲುತ್ತದೆ. ಅದರೊಳಗಿನ ದ್ರವ ಬಿಸಿ ತಾಗಿದರೆ ಮೇಲೇರುತ್ತದೆ, ತಣ್ಣಗಾದರೆ ಕೆಳಗಿಳಿಯುತ್ತದೆ, ತಲೆ ತಿರುಗುತ್ತಿದೆ ಎಂದು ನರ ತಪ್ಪು ತಿಳಿಯುತ್ತದೆ. (1983ರಲ್ಲಿ ಸ್ಪೇಸ್‌ಲ್ಯಾಬ್ ಯಾನದಲ್ಲಿ, ತೂಕವೇ ಇಲ್ಲದ ಸ್ಥಿತಿಯಲ್ಲಿಯೂ ಗಗನಯಾನಿಗಳ ಕಣ್ಣು ಹೀಗೆಯೇ ಹಾರಿದ್ದರಿಂದ, ದ್ರವದ ಏರಿಳಿತವೊಂದೇ ಕಾರಣವಾಗಿರಲಾರದು ಎಂದು ಆಮೇಲೆ ಓದಿ ತಿಳಿದೆ.) ಮೊದಲು ಬಲಗಿವಿಗೆ ಬೆಚ್ಚಗಿನ ನೀರು, 30 ಸೆಕೆಂಡು. ನೀರಿನ ಸದ್ದು ಕಿವಿಯೊಳಗೆ ಬಹಳ ದೊಡ್ಡದಾಗಿ ಕೇಳುತ್ತದೆ, ನೋವಿರುವುದಿಲ್ಲ. ನೀರು ನಿಂತ ಮೇಲೆ ಕತ್ತಲಲ್ಲಿ ಮಂಚ ನಿಧಾನವಾಗಿ ತಿರುಗತೊಡಗಿತು, ಒಂದು ನಿಮಿಷದ ಹೊತ್ತಿಗೆ ರಭಸ ತಾಳಲಾಗದಂತೆ ಏರಿತು. ಮನಸ್ಸು ಅದರ ಮೇಲೆಯೇ ನೆಟ್ಟರೆ ಕಣ್ಣಿನ ಚಲನೆ ಅಡಗಿಬಿಡಬಹುದಾದ್ದರಿಂದ ಏನಾದರೂ ಹೇಳಿಸುತ್ತಲೇ ಇರುತ್ತಾರೆ. ಕರ್ನಾಟಕದ ನದಿಗಳ ಹೆಸರು ಹೇಳಿ ಎಂದರು. ಕಾವೇರಿ, ಹೇಮಾವತಿ, ಶಿಂಷಾ ಎಂದು ಶುರುಮಾಡಿ, ನಮ್ಮ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಹೆಸರು ನೆನಪಿಗೆ ಬಾರದೆ ತಡಕಾಡುವಷ್ಟರಲ್ಲಿ ಸುತ್ತು ಇಳಿಯತೊಡಗಿತ್ತು.

ಐದಾರು ನಿಮಿಷ ಬಿಡುವು ಕೊಟ್ಟು ಎಡಗಿವಿಗೆ ಅದೇ ಬಿಸಿಯ ನೀರು ಬಿಟ್ಟರು. ನಾನು ಮಂಚದ ಅಂಚು ಹಿಡಿದು ಕಾದೆ. ಸುತ್ತು ಬಂತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಂದು ಹೋಯಿತು. ಒಂದು ಕ್ಷಣ ಹಾಯೆನಿಸಿತು, ಮರುಕ್ಷಣವೇ ಆ ನೆಮ್ಮದಿಯ ಅರ್ಥ ಹೊಳೆಯಿತು: ಸುತ್ತಬೇಕಾದ ಕಿವಿ ಸುತ್ತಲಿಲ್ಲ. ಆಮೇಲೆ ತಣ್ಣೀರಿನಲ್ಲಿಯೂ ಬಲಗಿವಿ ಜೋರಾಗಿ ಸುತ್ತಿಸಿತು, ಎಡಗಿವಿ ಮೌನವಾಗಿತ್ತು. ಲೆಕ್ಕ ಹೀಗಿತ್ತು. ಬಲಗಿವಿ ಬಿಸಿಗೆ 24, ತಣ್ಣಗಿನದಕ್ಕೆ 22. ಎಡಗಿವಿ 7 ಮತ್ತು 6. ಎಲ್ಲವೂ ಕಣ್ಣು ಜಾರುವ ವೇಗ, ಸೆಕೆಂಡಿಗೆ ಇಷ್ಟು ಡಿಗ್ರಿಯೆಂದು. ಬಲದ 46ರಲ್ಲಿ ಎಡದ 13 ಕಳೆದು, ಒಟ್ಟು 59ರಿಂದ ಭಾಗಿಸಿದರೆ ಎಡಗಿವಿ ಶೇಕಡ 56ರಷ್ಟು ದುರ್ಬಲ. ಸಾಮಾನ್ಯವಾಗಿ 20ರಿಂದ 25ನ್ನು ಮೀರಿದ ವ್ಯತ್ಯಾಸವನ್ನು ದೋಷವೆಂದು ಎಣಿಸುತ್ತಾರೆ. ನಾಲ್ಕನೆಯ ಸುತ್ತಿನ ನಂತರ ಒಮ್ಮೆ ವಾಂತಿಯಾಯಿತು. ಅರ್ಧ ಗಂಟೆ ಮಲಗಿ ಎದ್ದ ಮೇಲೆ ತಮ್ಮ ತಂದ ಮಜ್ಜಿಗೆ ಕುಡಿದು ಸರಿಹೋದೆ.

ಹರಳು ಹೊತ್ತ ಆ ಎರಡು ಚೀಲಗಳನ್ನು ನೋಡುವ ಕೊನೆಯ ವೆಂಪ್ ಪರೀಕ್ಷೆ ಸುಲಭದ್ದು. ಕಿವಿಯಲ್ಲಿ ಟಕ್ ಟಕ್ ಎಂಬ ಜೋರಾದ ಸದ್ದು ಕೇಳಿಸುತ್ತಾರೆ. ತಲೆ ಎತ್ತಿ ಒಂದು ಬದಿಗೆ ತಿರುಗಿಸಿ ಕತ್ತಿನ ಸ್ನಾಯುವನ್ನು ಬಿಗಿಹಿಡಿದಾಗ ಒಂದು ಚೀಲದ, ಕಣ್ಣನ್ನು ಮೇಲಕ್ಕೆತ್ತಿ ನೋಡುವಾಗ ಇನ್ನೊಂದು ಚೀಲದ ಪ್ರತಿಕ್ರಿಯೆ ಚರ್ಮಕ್ಕೆ ಅಂಟಿಸಿದ ತಂತಿಗಳಲ್ಲಿ ಸಿಗುತ್ತದೆ. ಎಡಗಿವಿಯಲ್ಲಿ ಮೊದಲನೆಯದು ಸರಿಯಾಗಿತ್ತು, ಎರಡನೆಯದು ಬರಲೇ ಇಲ್ಲ.

ಮರುದಿನ ವೈದ್ಯರು ಎಲ್ಲ ಹಾಳೆಗಳನ್ನೂ ಮೇಜಿನ ಮೇಲೆ ಹರಡಿ, ಒಂದು ಬಿಳಿ ಕಾಗದದಲ್ಲಿ ಚಿತ್ರ ಬರೆದು ತೋರಿಸಿದರು. ಸಮತೋಲನದ ನರಕ್ಕೆ ಎರಡು ಕವಲುಗಳಿವೆ. ಮೇಲಿನ ಕವಲು ಅಡ್ಡ ನಾಳಕ್ಕೂ ಮುಂದಿನ ನಾಳಕ್ಕೂ, ವೆಂಪ್‌ನಲ್ಲಿ ಕಣ್ಣೆತ್ತಿ ನೋಡಿದಾಗ ಪರೀಕ್ಷಿಸಿದ ಚೀಲಕ್ಕೂ ಹೋಗುತ್ತದೆ. ಕೆಳಗಿನದು ಹಿಂದಿನ ನಾಳಕ್ಕೂ ಇನ್ನೊಂದು ಚೀಲಕ್ಕೂ. ನನ್ನ ಎಡಗಿವಿಯಲ್ಲಿ ಕೆಟ್ಟಿದ್ದೆಲ್ಲವೂ ಮೇಲಿನ ಕವಲಿನದೇ. ಜೂನ್‌ನಲ್ಲಿ ಆದದ್ದು ಆ ನರದ ಉರಿಯೂತ, ವೆಸ್ಟಿಬ್ಯುಲರ್ ನ್ಯೂರೈಟಿಸ್. ಆ ಪೆಟ್ಟಿನಲ್ಲಿ ಹಾಳಾದ ಚೀಲದಿಂದ ಸಡಿಲವಾದ ಹರಳುಗಳು ಹಿಂದಿನ ನಾಳಕ್ಕೆ ಜಾರಿದ್ದವು. ಕೆಳಗಿನ ಕವಲು ಚೆನ್ನಾಗಿದ್ದದ್ದರಿಂದಲೇ ಆ ನಾಳ ಹರಳುಗಳ ಚಲನೆಯನ್ನು ಅರಿತು ನನ್ನನ್ನು ತಿರುಗಿಸುತ್ತಿತ್ತು. ಕಪಾಟಿನ ಎದುರಿನ ಅರ್ಧ ನಿಮಿಷದ್ದು ಹರಳಿನ ದೋಷ, ದಿನವಿಡೀ ಇದ್ದ ಓಲಾಟ ನರದ ದೋಷ. ಎರಡಕ್ಕೂ ಚಿಕಿತ್ಸೆ ಬೇರೆ. ಎಂಆರ್‌ಐಯಲ್ಲಿ ಇದು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ, ಅದು ಅಂಗದ ಆಕಾರವನ್ನು ತೋರಿಸುತ್ತದೆಯೇ ಹೊರತು ಅದು ಕೆಲಸ ಮಾಡುತ್ತಿದೆಯೇ ಎಂಬುದನ್ನಲ್ಲ ಎಂದರು.

ಆ ಮಾತ್ರೆಗಳ ವಿಷಯ ಕೇಳಿದಾಗ ನನಗೆ ಬಹಳ ನೋವಾಯಿತು. ಮೊದಲ ಎರಡು ಮೂರು ದಿನಗಳ ಉಗ್ರ ಸುತ್ತಿಗೆ ಅವು ಬೇಕು. ತಿಂಗಳುಗಟ್ಟಲೆ ತೆಗೆದುಕೊಂಡರೆ, ಒಂದು ಕಿವಿಯ ಕೊರತೆಯನ್ನು ಮಿದುಳು ತಾನಾಗಿ ಸರಿದೂಗಿಸಿಕೊಳ್ಳುವುದನ್ನೇ ಅವು ನಿಧಾನಗೊಳಿಸುತ್ತವೆ. ಪ್ರತಿ ತಿಂಗಳೂ ಅದೇ ಚೀಟಿಯನ್ನು ಬರೆದುಕೊಟ್ಟವರು ಒಮ್ಮೆಯಾದರೂ ನನ್ನನ್ನು ಎಡಕ್ಕೆ ಮಲಗಿಸಿ ಕಣ್ಣು ನೋಡಿದ್ದರೆ, ಅರ್ಧದಷ್ಟು ಉತ್ತರ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ಆ ಪರೀಕ್ಷೆಗೆ ಯಂತ್ರ ಬೇಡ, ಒಂದು ಮಂಚ ಸಾಕು.

ಹರಳುಗಳನ್ನು ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ, ಪ್ರತಿ ಹಂತದಲ್ಲಿಯೂ ಸ್ವಲ್ಪ ಹೊತ್ತು ನಿಲ್ಲಿಸಿ, ಬಂದ ಜಾಗಕ್ಕೆ ಕಳಿಸಿದರು. ಎರಡು ಸಲ ಮಾಡಿದ ಮೇಲೆ ಎಡ ಮಗ್ಗುಲಿಗೆ ಹೊರಳಿ ಮಲಗಿದೆ. ನರದ ಕೊರತೆಗೆ ವ್ಯಾಯಾಮ. ಗೋಡೆಗೆ ಅಂಟಿಸಿದ ‘ಅ’ ಅಕ್ಷರವನ್ನು ದಿಟ್ಟಿಸುತ್ತ ತಲೆಯನ್ನು ಎಡಬಲಕ್ಕೆ ಆಡಿಸುವುದು, ದಿಂಬಿನ ಮೇಲೆ ನಿಲ್ಲುವುದು, ನಡೆಯುತ್ತ ತಲೆ ತಿರುಗಿಸುವುದು, ದಿನಕ್ಕೆ ಮೂರು ಹೊತ್ತು. ಮೊದಲ ವಾರಗಳಲ್ಲಿ ಅದರಿಂದ ತಲೆಸುತ್ತು ಹೆಚ್ಚಾಯಿತು, ಹೆಚ್ಚಾಗಬೇಕು ಎಂದು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ.

ಐದು ತಿಂಗಳ ನಂತರ ಅದೇ ಕೋಣೆಯಲ್ಲಿ ಮತ್ತೆ ತಲೆ ತಿರುಗಿಸಿಕೊಂಡೆ. ಎಡದ ಅಂಕ 0.46ರಿಂದ 0.68ಕ್ಕೆ ಬಂದಿದೆ, ಎಡಕ್ಕೆ ಮಲಗಿಸಿದಾಗ ಕಣ್ಣು ಅಲುಗಲಿಲ್ಲ. ನರ ಪೂರ್ತಿ ಸರಿಯಾಗದೆ ಹೋಗಬಹುದು, ಉಳಿದದ್ದನ್ನು ಮಿದುಳು ತುಂಬಿಕೊಡುತ್ತದೆ ಎಂದು ಶ್ರವಣತಜ್ಞೆ ಹೇಳಿದರು. ಕಣ್ಣು ಮುಚ್ಚಿ ಮೆತ್ತನೆಯ ಫೋಮಿನ ಮೇಲೆ 30 ಎಣಿಸುವವರೆಗೆ ನಿಂತೆ. ಸಂಜೆ ಹೊರಡುವಾಗ ಆಸ್ಪತ್ರೆಯ ಮೆಟ್ಟಿಲ ತಿರುವಿನಲ್ಲಿ ದೀಪ ಹತ್ತಿರಲಿಲ್ಲ, ಅಲ್ಲಿ ಮಾತ್ರ ಕಂಬಿ ಹಿಡಿದು ಇಳಿದೆ.